ಒಳಗೆ ಮಾತಾಡುತ್ತಿರೋದು ಯಾರು? ಎಥಿಕ್ಸು, ಮಾರಲ್ಸು ಬಿಡಿಸಿ ನೋಡುವ ಬಗೆ

ನಮ್ಮ ಮೆಡಿಕಲ್ ಶಾಪ್ ದಾವಣಗೆರೆಯ ಪಿ.ಬಿ. ರಸ್ತೆಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿದೆ. 26 ವರ್ಷದಿಂದ ಅದೇ ಕೌಂಟರ್, ಅದೇ ಸ್ಟೂಲ್. ಹಿಂದಿನ ಗೋಡೆಯಲ್ಲಿ ಲೈಸೆನ್ಸ್ ಪಕ್ಕ ಫಾರ್ಮಸಿಸ್ಟ್ ಪ್ರತಿಜ್ಞೆಗೆ ಫ್ರೇಮ್ ಹಾಕಿಸಿ ನೇತುಹಾಕಿದ್ದೇನೆ. ಅದರ ಮೊದಲ ಸಾಲಿನಲ್ಲೇ ‘ಕೋಡ್ ಆಫ್ ಎಥಿಕ್ಸ್’ ಅಂತ ಬರುತ್ತದೆ. ಗಿರಾಕಿಗಳು ಅದರ ಕೆಳಗಿನ ಕ್ಯಾಲೆಂಡರ್ ನೋಡುತ್ತಾರೆ, ಅದನ್ನು ಯಾರೂ ಓದುವುದಿಲ್ಲ. ಓದಿದವನು ನನ್ನ ತಂಗಿಯ ಮಗ. ಕೆ.ಎ.ಎಸ್. ಪರೀಕ್ಷೆಗೆ ತಯಾರಿ ಮಾಡುತ್ತಿದ್ದಾನೆ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಅಂಗಡಿಗೆ ಬಂದು ಕೂರುತ್ತಾನೆ.

“ಮಾವ, ಈ ಎಥಿಕ್ಸಿಗೂ ಮಾರಲ್ಸಿಗೂ ಏನು ವ್ಯತ್ಯಾಸ? ನನ್ನ ನೋಟ್ಸಲ್ಲಿ ಎರಡಕ್ಕೂ ನೈತಿಕತೆ ಅಂತಲೇ ಬರೆದಿದಾರೆ.”

ಅವನಿಗೆ ಇದು ಮಾರ್ಕ್ಸಿನ ವಿಷಯ. ಯು.ಪಿ.ಎಸ್.ಸಿ. ಮೇನ್ಸ್‌ನಲ್ಲಿ 2013ರಿಂದ ಎಥಿಕ್ಸಿಗೆಂದೇ 250 ಅಂಕದ ಒಂದು ಪೇಪರ್ ಇದೆ. ಕೆ.ಎ.ಎಸ್. ಓದುವವರಿಗೂ ಈ ವಿಷಯ ತಪ್ಪಿದ್ದಲ್ಲ. ನನಗೆ ಇದು ದಿನಾ ಕೌಂಟರ್ ಮೇಲೆ ಬರುವ ವಿಷಯ. ಅವನಿಗೆ ಎರಡು ಮೂರು ಸಂಜೆ ಕೂತು ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಪದಗಳ ಗೊಂದಲ ಮುಗಿಸಿಬಿಡೋಣ. ಗ್ರೀಕಿನಲ್ಲಿ ‘ಎಥೋಸ್’ ಅಂದರೆ ರೂಢಿ, ಸ್ವಭಾವ. ಲ್ಯಾಟಿನ್ನಿನಲ್ಲಿ ‘ಮೋರೆಸ್’ ಅಂದರೂ ಹೆಚ್ಚುಕಡಿಮೆ ಅದೇ, ನಡೆದುಬಂದ ಪದ್ಧತಿ. ಗ್ರೀಕ್ ಪದವನ್ನು ಲ್ಯಾಟಿನ್ನಿಗೆ ತರುವುದಕ್ಕೆ ‘ಮೊರಾಲಿಸ್’ ಅನ್ನುವ ಪದ ಕಟ್ಟಿದವನು ರೋಮ್‌ನ ಸಿಸೆರೊ, ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ. ಅಂದರೆ ಹುಟ್ಟಿನಲ್ಲಿ ಒಂದು ಇನ್ನೊಂದರ ಅನುವಾದ! ತತ್ವಶಾಸ್ತ್ರ ಓದಿದವರೂ ಎಷ್ಟೋ ಸಲ ಎರಡನ್ನೂ ಅದಲುಬದಲು ಮಾಡಿ ಬಳಸುತ್ತಾರೆ. ಆದ್ದರಿಂದ ಡಿಕ್ಷನರಿ ಹಿಡಿದು ಗೆರೆ ಎಳೆಯಲು ಹೋಗಬೇಡಿ. ವ್ಯತ್ಯಾಸ ಇರುವುದು ಇವತ್ತು ಜನ ಬಳಸುವ ರೀತಿಯಲ್ಲಿ. ಮಾರಲ್ಸ್ ಅಂದರೆ ನಾನು ಬೆಳೆದ ಮನೆ, ಧರ್ಮ, ನನ್ನ ಮನಸ್ಸು ಸರಿ ತಪ್ಪು ಅನ್ನುವುದು. ಎಥಿಕ್ಸ್ ಅಂದರೆ ಒಂದು ಕೆಲಸಕ್ಕೆ, ಒಂದು ಕುರ್ಚಿಗೆ ಅಂಟಿಕೊಂಡು ಬರುವ, ಕಾರಣ ಕೊಟ್ಟು ವಾದಿಸಬಹುದಾದ ಕಟ್ಟಳೆ. ಇವೆಲ್ಲವನ್ನೂ ಅಗೆದು ನೋಡುವ ಓದಿಗೂ ಎಥಿಕ್ಸ್ ಅಂತಲೇ ಹೆಸರು. ನಮ್ಮಲ್ಲಿ ಅದು ನೀತಿಶಾಸ್ತ್ರ.

ಕನ್ನಡದಲ್ಲಿ ಎಲ್ಲದಕ್ಕೂ ‘ನೀತಿ’ ಒಂದೇ. ಅದಕ್ಕೆ ನಾನು ಅಳಿಯನಿಗೆ ಎರಡು ಹೆಸರು ಕೊಟ್ಟೆ: ಮನೆ ನೀತಿ, ಕೌಂಟರ್ ನೀತಿ. ನೀವು ಮೇಷ್ಟ್ರಾದರೆ ಕೌಂಟರ್ ಬದಲು ಕ್ಲಾಸು ಅನ್ನಿ. ಎ.ಪಿ.ಎಂ.ಸಿ.ಯಲ್ಲಿ ಮೆಕ್ಕೆಜೋಳ ತೂಗುವವರಾದರೆ ತಕ್ಕಡಿ ಅನ್ನಿ.

ಬೇರ್ಪಡಿಸಲು ಮೊದಲ ಪ್ರಶ್ನೆ ಇದು: ಶಟರ್ ಎಳೆದ ಮೇಲೂ ಇದು ನನ್ನ ಜೊತೆ ಬರುತ್ತದಾ? ಸುಳ್ಳು ಹೇಳಬಾರದು, ಹಸಿದು ಬಂದವರನ್ನು ಹಾಗೇ ಕಳಿಸಬಾರದು. ಇವು ನಾನು ನಾಳೆ ಅಂಗಡಿ ಮಾರಿ ಮಂಡಕ್ಕಿ ಭಟ್ಟಿ ಹಾಕಿದರೂ ಬರುತ್ತವೆ. ಆದರೆ ಯಾರು ಏನು ಕೊಂಡರು ಅಂತ ಬಾಯಿ ಬಿಡಬಾರದು ಅನ್ನುವುದು ಔಷಧಿಯ ಕೌಂಟರಿನದ್ದು. ಪಕ್ಕದ ಮನೆಯವರು ಎಷ್ಟು ಸೇರು ಮಂಡಕ್ಕಿ ಕೊಂಡರು ಅಂತ ಹೇಳಿದರೆ ಯಾರಿಗೇನು? ಯಾವ ಮಾತ್ರೆ ಕೊಂಡರು ಅಂತ ಹೇಳಿದರೆ ಒಂದು ಸಂಸಾರ ಒಡೆಯಬಹುದು. ಅದಕ್ಕೇ 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ರೋಗಿಯ ಗುಟ್ಟು ಕಾಯುವುದನ್ನು ನಮ್ಮ ಕರ್ತವ್ಯ ಅನ್ನುತ್ತದೆ. (ಅಂಗಡಿ ಮಾರಿದರೂ ಹಳೇ ಗುಟ್ಟು ಗುಟ್ಟೇ, ಅದು ಬೇರೆ ಮಾತು.)

ಎರಡನೇ ಪ್ರಶ್ನೆ: ಬೇರೆ ಮನೆಯಲ್ಲಿ ಬೆಳೆದವರಿಗೆ ಇದರ ಕಾರಣ ಹೇಳಿ ಒಪ್ಪಿಸಬಹುದಾ? ಆಜಾದ್ ನಗರದಿಂದ ಬರುವ ಅಜ್ಜನಿಗೂ ಜಗಳೂರಿಂದ ಬರುವ ಗೌಡರಿಗೂ ಮನೆ ನೀತಿ ಬೇರೆ ಬೇರೆ ಇರಬಹುದು. ನನ್ನ ಕೌಂಟರಿನಲ್ಲಿ ಇಬ್ಬರಿಗೂ ಒಂದೇ ನೀತಿ ಸಿಗಬೇಕು. ಕೋರ್ಟಿನ ಉದಾಹರಣೆ ಇನ್ನೂ ಚೆನ್ನಾಗಿದೆ. ಭೀಕರ ಅಪರಾಧ ನಡೆದಾಗ ‘ಆ ಆರೋಪಿಯ ಪರ ನಮ್ಮ ಸಂಘದ ಯಾರೂ ನಿಲ್ಲಬಾರದು’ ಅಂತ ವಕೀಲರ ಸಂಘಗಳು ಠರಾವು ಮಾಡುವುದುಂಟು. ಕೇಳಿದರೆ ಯಾರ ಮನಸ್ಸಿಗೂ ಸರಿ ಅನ್ನಿಸುತ್ತದೆ. ಆದರೆ ಇಂಥ ಠರಾವು ವಕೀಲಿ ವೃತ್ತಿಯ ನೀತಿಗೇ ವಿರುದ್ಧ, ಅದಕ್ಕೆ ಬೆಲೆಯಿಲ್ಲ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮನೆ ನೀತಿ ಮುಖ ತಿರುಗಿಸುವ ಕಡೆ ವಕೀಲರ ನೀತಿ ಎದ್ದು ನಿಂತು ವಾದಿಸು ಅನ್ನುತ್ತದೆ. ಯಾಕಂದರೆ ನಾಳೆ ತಪ್ಪು ಮಾಡದೆ ಸಿಕ್ಕಿಬಿದ್ದವನಿಗೂ ವಕೀಲರು ಬೇಕಲ್ವಾ?

ಕಾನೂನನ್ನು ಇವೆರಡರಲ್ಲಿ ಸೇರಿಸಬೇಡಿ. ನನ್ನ ಹತ್ತಿರ ಎಚ್1 ರಿಜಿಸ್ಟರ್ ಅಂತ ಒಂದು ದಪ್ಪ ಪುಸ್ತಕ ಇದೆ. ನಿದ್ದೆ ಬರಿಸುವ ಅಲ್‌ಪ್ರಜೋಲಾಂ, ಆಂಟಿಬಯಾಟಿಕ್ ಆದ ಸೆಫಿಕ್ಸಿಂ ತರಹದ ಔಷಧಿ ಕೊಟ್ಟರೆ ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಕೊಟ್ಟ ಮಾತ್ರೆ ಎಷ್ಟು, ಎಲ್ಲ ಬರೆದು 3 ವರ್ಷ ಇಟ್ಟಿರಬೇಕು. ಇದು ಜಾರಿಗೆ ಬಂದದ್ದು 2014ರ ಮಾರ್ಚ್ 1ಕ್ಕೆ. ಹಿಂದಿನ ದಿನ ಅದೇ ಮಾತ್ರೆ, ಅದೇ ಕೈ, ಪುಸ್ತಕ ಮಾತ್ರ ಇರಲಿಲ್ಲ. ಇನ್‌ಸ್ಪೆಕ್ಟರ್ ಬಂದು ತೆಗೆದು ನೋಡಬಹುದಾದದ್ದು ಕಾನೂನು. ‘ಇದನ್ನು ತಗೊಂಡು ಬೈಕ್ ಓಡಿಸಬೇಡಿ’ ಅಂತ ನಾನು ಎರಡು ಸಲ ಹೇಳಿದೆನಾ ಇಲ್ವಾ ಅನ್ನುವುದು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಒಳಗೆ ಮಾತಾಡುವವರು ಇಬ್ಬರಲ್ಲ, ಮೂವರು. ಮೂರನೆಯದು ‘ನಾಲ್ಕು ಜನ ಏನಂತಾರೆ’ ಅನ್ನುವ ದನಿ. ಅದು ಮನೆ ನೀತಿಯ ಅಂಗಿ ಹಾಕಿಕೊಂಡೇ ಬರುತ್ತದೆ.

2011ರಲ್ಲಿ ಒಂದು ಸಂಜೆ ಕಾಲೇಜು ಹುಡುಗಿ ಒಬ್ಬಳು ಬಂದಳು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರು ಹೋಗಲಿ ಅಂತ ತೂಕದ ಮಶೀನಿನ ಪಕ್ಕ ನಿಂತಳು. ಮತ್ತೆ ಹೊಸಬರು ಬಂದರು. ಕೊನೆಗೆ ಬಗ್ಗಿ, ಗರ್ಭ ನಿಲ್ಲದಂತೆ 72 ಗಂಟೆಯೊಳಗೆ ತಗೊಳ್ಳುವ ಮಾತ್ರೆಯ ಹೆಸರು ಹೇಳಿದಳು. ಅದಕ್ಕೆ ಚೀಟಿ ಬೇಕಿಲ್ಲ. ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು ಅಂತ ಹೇಳಿ, ಕವರಿನಲ್ಲಿ ಹಾಕಿ ಕೊಡಬೇಕಾದ್ದು ನನ್ನ ಕೆಲಸ. ನಾನು ಮಾಡಿದ್ದೇನು? “ಮದುವೆ ಆಗಿದೆಯೇನಮ್ಮ?” ಅಂದೆ. ಸ್ವಲ್ಪ ಗಟ್ಟಿಯಾಗಿಯೇ. ಅವಳ ಕೈಯಲ್ಲಿ 100 ರೂಪಾಯಿ ನೋಟು ಇತ್ತು, ಮಡಚಿ ಮಡಚಿ ಬಸ್ ಟಿಕೆಟ್ಟಿನಷ್ಟು ಮಾಡಿದ್ದಳು. ಅದನ್ನು ಹಾಗೇ ಪರ್ಸಿನೊಳಗೆ ಇಟ್ಟುಕೊಂಡು ಹೊರಟುಹೋದಳು. ಬೇರೆ ಅಂಗಡಿಗೆ ಹೋದಳೋ, ಹೋಗಲು ಧೈರ್ಯವೇ ಬರಲಿಲ್ಲವೋ. 72ರಲ್ಲಿ ಅವಳಿಗೆ ಎಷ್ಟು ಗಂಟೆ ಉಳಿದಿತ್ತೋ.

ರಾತ್ರಿ ಊಟಕ್ಕೆ ಕೂತಾಗ ಮನೆಯವಳಿಗೆ ಹೇಳಿದೆ. ‘ನಾನು ಬೆಳೆದ ರೀತಿ ಹಾಗೆ, ಬಾಯಿಗೆ ಬಂದುಬಿಡ್ತು’ ಅಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: “ನಿಮ್ಮನ್ನ ಬೆಳೆಸಿದ್ದು ಅತ್ತೆ ಅಲ್ವಾ? ಅತ್ತೆ ಹಂಗೆ ಕೇಳ್ತಿದ್ರಾ?”

ಇಲ್ಲ. ನಮ್ಮಮ್ಮ ಮಿಲ್ ಕಾರ್ಮಿಕರ ವಠಾರದಲ್ಲಿ ಬಾಳಿದವಳು. ಅಲ್ಲಿ ಒಂದು ಹುಡುಗಿಗೆ ಇಂಥದ್ದೇ ಕಷ್ಟ ಬಂದಾಗ, ಸೀರೆ ತರೋಕೆ ಹೋಗ್ತೀವಿ ಅಂತ ಹೇಳಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಸಾಯುವತನಕ ಯಾರ ಮುಂದೆಯೂ ಆ ಹೆಸರು ಎತ್ತಲಿಲ್ಲ. ನನ್ನ ಮನೆ ನೀತಿ ಆ ಹುಡುಗಿಯ ಕಡೆಗೇ ಇತ್ತು. ಕೌಂಟರ್ ನೀತಿಯೂ ಅವಳ ಕಡೆಗೇ. ಮಾತಾಡಿದ್ದು ಹಿಂದೆ ನಿಂತಿದ್ದ ಗಿರಾಕಿಗಳು, ನನ್ನ ಬಾಯಿಂದ.

ಹಾಗಾಗಿ ನಿಮ್ಮ ಹೊಟ್ಟೆಯಲ್ಲಿ ‘ಛೇ, ಇದು ತಪ್ಪು’ ಅಂತ ಎದ್ದಾಗ ಒಂದು ಕೆಲಸ ಮಾಡಿ. ನೋಡುವವರು ಯಾರೂ ಇಲ್ಲ ಅಂದುಕೊಳ್ಳಿ. ಆಗಲೂ ತಪ್ಪು ಅನ್ನಿಸಿದರೆ ಅದು ಮನೆ ನೀತಿ, ಕೇಳಿಸಿಕೊಳ್ಳಿ. ಅನ್ನಿಸದಿದ್ದರೆ ಅದು ಬರೀ ನಾಚಿಕೆ.

ಮನೆಯೂ ಕೌಂಟರೂ ನಿಜವಾಗಿಯೇ ಎದುರುಬದುರು ನಿಂತರೆ? ನನಗೆ ಅಕ್ಷರ ಕಲಿಸಿದ ಮೇಷ್ಟ್ರು ಒಂದು ದಿನ ರಾತ್ರಿ ಬಂದರು. “ನಾಕು ದಿನದಿಂದ ನಿದ್ದೆ ಇಲ್ಲಪ್ಪ. ಆ ನಿದ್ದೆ ಮಾತ್ರೆ ಒಂದು ಶೀಟು ಕೊಡು.” ಚೀಟಿ ಇಲ್ಲ. ಗುರುಗಳು ಕೈಚಾಚಿ ಕೇಳುವಾಗ ಇಲ್ಲ ಅನ್ನುವುದು ನಮ್ಮ ಮನೆಯಲ್ಲಿ ಕಲಿಸಿದ ಪಾಠ ಅಲ್ಲ. ಆದರೆ ಅವರ ವಯಸ್ಸಿಗೆ ಆ ಮಾತ್ರೆ ತಗೊಂಡು ರಾತ್ರಿ ಬಚ್ಚಲಿಗೆ ಎದ್ದು ಬಿದ್ದರೆ ಸೊಂಟ ಮುರಿಯುತ್ತದೆ. ಇಂಥಲ್ಲಿ ನಾನು ಹೀಗೆ ಹಂಚುತ್ತೇನೆ: ಏನು ಮಾಡಬೇಕು ಅನ್ನುವುದನ್ನು ಕೌಂಟರ್ ಹೇಳಲಿ, ಹೇಗೆ ಮಾಡಬೇಕು ಅನ್ನುವುದನ್ನು ಮನೆ ಹೇಳಲಿ. ಒಳಗೆ ಕರೆದು ನನ್ನ ಸ್ಟೂಲಿನ ಮೇಲೆ ಕೂರಿಸಿದೆ. ಅವರ ಡಾಕ್ಟರಿಗೆ ಫೋನ್ ಹಚ್ಚಿಕೊಟ್ಟೆ. ಬೆಳಿಗ್ಗೆ ಬನ್ನಿ ಅಂದರು. ಬೈಕಿನಲ್ಲಿ ಮನೆಗೆ ಬಿಟ್ಟುಬಂದೆ. ಮಾತ್ರೆ ಕೊಡಲಿಲ್ಲ. ಖುಷಿಯಾದರು ಅಂತ ತಿಳಿಯಬೇಡಿ. ಎರಡು ತಿಂಗಳು ಎದುರು ಸಿಕ್ಕರೂ ಮಾತಾಡಿಸಲಿಲ್ಲ.

ಈ ಹಂಚಿಕೆ ಒಂದು ಕಡೆ ಕೈಕೊಡುತ್ತದೆ. ‘ಲೈನಿನಲ್ಲಿ ಎಲ್ಲರೂ ಹೀಗೇ ಮಾಡೋದು’ ಅನ್ನುವುದನ್ನು ಎಥಿಕ್ಸ್ ಅಂತ ತಿಳಿದರೆ ಕೆಟ್ಟಿರಿ. ಔಷಧಿ ಕಂಪನಿಯ ರೆಪ್ ಬಂದು “ಸಾರ್, 10ಕ್ಕೆ 2 ಫ್ರೀ, ಸುಸ್ತು ಅಂದೋರಿಗೆಲ್ಲ ಈ ಟಾನಿಕ್ ಕೊಟ್ಟುಬಿಡಿ” ಅನ್ನುತ್ತಾನೆ. ಎಂ.ಆರ್.ಪಿ. ಮೀರಿಲ್ಲ, ಬಿಲ್ ಇದೆ, ಕಾನೂನಿಗೆ ತೊಂದರೆಯಿಲ್ಲ. ಆದರೆ ಎರಡು ಬಸ್ಸು ಬದಲಿಸಿ ಬಂದ ರೈತರ ಜೇಬಿನಿಂದ ಬೇಡದ ಬಾಟಲಿಗೆ ದುಡ್ಡು ತೆಗೆಸುವುದು ವ್ಯಾಪಾರದ ರೂಢಿ ಅಷ್ಟೇ. ರೂಢಿಯನ್ನು ಅಳೆಯಲು ಆಗ ಮನೆ ನೀತಿಯೇ ಬೇಕು. ಇನ್ನು ಕೆಲವು ಕಡೆ ಕೌಂಟರಿಗೆ ಮಾತೇ ಇಲ್ಲ. ರಾತ್ರಿ ಹತ್ತೂವರೆಗೆ ಮಗು ಎತ್ತಿಕೊಂಡು ಬಂದ ತಾಯಿಯ ಹತ್ತಿರ 40 ರೂಪಾಯಿ ಕಡಿಮೆ ಇದ್ದರೆ ಉದ್ರಿ ಕೊಡು ಅಂತ ಯಾವ ಕೋಡ್ ಹೇಳುತ್ತದೆ? ನಾನು ಬರೆದಿಟ್ಟುಕೊಳ್ಳುವುದೂ ಇಲ್ಲ. ಬರೆದರೆ ಆಮೇಲೆ ಕೇಳಬೇಕಾಗುತ್ತದೆ.

ಪರೀಕ್ಷೆಗೆ ಓದುವವರಿಗೆ ಒಂದೇ ಮಾತು. 150 ಪದದ ಉತ್ತರದಲ್ಲಿ ಅರ್ಧ ವ್ಯಾಖ್ಯೆಗೇ ಸುರಿಯಬೇಡಿ. ಎರಡು ಸಾಲಿನಲ್ಲಿ ವ್ಯತ್ಯಾಸ ಹೇಳಿ, ಎರಡೂ ಡಿಕ್ಕಿ ಹೊಡೆಯುವ ಒಂದು ಘಟನೆ ಬರೆಯಿರಿ. ಅಲ್ಲಿ ಯಾರು ಯಾರಿಗೆ ಉತ್ತರ ಕೊಡಬೇಕು ಅಂತ ತೋರಿಸಿ. ನಮ್ಮ ಹುಡುಗ ಮೊದಲು ಬರೆದದ್ದರಲ್ಲಿ ಬರೀ ಸಿಸೆರೊನೇ ತುಂಬಿದ್ದ. ನಾನೇ ಪೆನ್ಸಿಲ್ ತಗೊಂಡು ಹೊಡೆದು ಹಾಕಿದೆ.

ಆ ಹೊತ್ತಿಗೇ ಒಬ್ಬರು ಬಂದು, ಪರಿಚಯದ ನಗೆ ನಕ್ಕು, ಚೀಟಿ ಕೊಟ್ಟು, ಮಾತ್ರೆ ಜೇಬಿಗಿಳಿಸಿ ಹೋದರು. ಅಳಿಯ ಕತ್ತು ಚಾಚಿ ನೋಡಿದ.

“ಯಾರು ಮಾವ ಅವರು? ನಮ್ಮ ಬೀದಿಯೋರಲ್ವಾ? ಏನಾಗಿದೆ ಅವರಿಗೆ?”

ನಾನು ಮಂಡಕ್ಕಿ ಪೊಟ್ಟಣವನ್ನು ಅವನ ಕಡೆ ತಳ್ಳಿದೆ.