ಉಳಿದ ಬಳ್ಳಿ, ಉಳಿಯುವ ಬಳ್ಳಿ

2019ರ ಆಗಸ್ಟ್ ಮಳೆಯನ್ನು ತೀರ್ಥಹಳ್ಳಿ ಕಡೆಯವರು ಮರೆತಿರಲಿಕ್ಕಿಲ್ಲ. ನಮ್ಮ ಅಡಿಕೆ ತೋಟದ ತಗ್ಗಿನಲ್ಲಿ ದಿನಗಟ್ಟಲೆ ನೀರು ನಿಂತಿತ್ತು. ಮೊದಲು ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಎಲೆಗಳಲ್ಲಿ ಕಪ್ಪು ಮಚ್ಚೆ ಕಂಡಿತು, ಆಮೇಲೆ ಬುಡ ಕೊಳೆಯಿತು. ಮಳೆ ನಿಂತ ಮೇಲೂ ಬಳ್ಳಿಗಳು ಸಾಯುತ್ತಲೇ ಇದ್ದವು. ಬೇರು ಮಳೆಗಾಲದಲ್ಲೇ ಕೊಳೆತಿರುತ್ತದೆ. ಬಿಸಿಲು ಬಿದ್ದಾಗ ನೀರು ಎಳೆಯಲಾಗದೆ ಬಳ್ಳಿ ಸೊರಗುತ್ತದೆ. ದೀಪಾವಳಿ ಹೊತ್ತಿಗೆ ಮುಕ್ಕಾಲು ಪಾಲು ಹೋಗಿತ್ತು.

ಉಳಿದದ್ದು ಹನ್ನೊಂದು ಬಳ್ಳಿ. ಅವಕ್ಕೆ ಸೊರಗು ರೋಗ ತಡೆಯುವ ಗುಣ ಇದೆ, ಅವುಗಳಿಂದಲೇ ತೋಟ ತುಂಬಿಸೋಣ ಅಂತ ಹೊರಟೆ. ತಡೆದದ್ದು ಅಮ್ಮ. "ಅದರಲ್ಲಿ ಏಳು ದಿಬ್ಬದ ಮೇಲಿವೆ ಕಣೋ. ಅವುಗಳ ಬುಡಕ್ಕೆ ನೀರೇ ನಿಂತಿಲ್ಲ" ಅಂದರು.

ಆ ಮಾತು ನನಗೆ ನಾಟಿತು. ರೋಗ ತಾಗದೆ ಉಳಿಯುವುದು ಬೇರೆ, ತಾಗಿದರೂ ಉಳಿಯುವುದು ಬೇರೆ ಅಲ್ವಾ?

ತಗ್ಗಿನಲ್ಲಿ ಬದುಕಿದ್ದ ನಾಲ್ಕನ್ನೇ ತಾಯಿಬಳ್ಳಿ ಮಾಡಿಕೊಂಡೆ. ಬೀಜದಿಂದ ಮಾಡಿದ ಗಿಡ ತಾಯಿಯ ಹಾಗೇ ಬರುವುದಿಲ್ಲ, ತುಂಡಿನಿಂದ ಮಾಡಿದ್ದು ಬರುತ್ತದೆ. ಹಾಗಾಗಿ ಫೆಬ್ರವರಿಯಲ್ಲಿ ನೆಲಕ್ಕೆ ಹಬ್ಬುವ ಬಳ್ಳಿಯಿಂದ ಮೂರು ಗಣ್ಣಿನ ತುಂಡು ಕತ್ತರಿಸಿ ಪಾಲಿಥೀನ್ ಚೀಲಕ್ಕೆ ಹಾಕಿದೆ. ಯಾವುದು ಯಾವ ತಾಯಿಯದು ಅಂತ ಚೀಟಿ ಕಟ್ಟಿದೆ. ಮಳೆ ಹಿಡಿದ ಮೇಲೆ ಅವನ್ನು ಬೇಕೆಂದೇ ಅತಿ ತಗ್ಗಿನ ಸಾಲಿನಲ್ಲಿ ನೆಟ್ಟೆ. ನಡುನಡುವೆ ಹೋಲಿಕೆಗೆ ಪಣಿಯೂರು-1 ಅನ್ನುವ ಮೆಣಸಿನ ತಳಿ ಇಟ್ಟೆ. ಉಳಿದ ತೋಟಕ್ಕೆ ಎಂದಿನಂತೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಬೆರೆಸಿ, ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆದೆ. ಈ ಸಾಲಿಗೆ ಮಾತ್ರ ಹೊಡೆಯಲಿಲ್ಲ. ಕಣ್ಣೆದುರೇ ಗಿಡ ಸಾಯುವುದನ್ನು ಸುಮ್ನೆ ನೋಡುತ್ತಾ ನಿಲ್ಲುವುದು ಬಹಳ ಕಷ್ಟವಾಯಿತು. ಮೂರು ಮಳೆಗಾಲ ಕಳೆದಾಗ ಪಣಿಯೂರು ಒಂದೂ ಉಳಿದಿರಲಿಲ್ಲ. ಎರಡು ತಾಯಿಗಳ ಮಕ್ಕಳು ಮಾತ್ರ ನಿಂತಿದ್ದವು.

ಅದೇ ಸಾಲಿನ ಕೊನೆಯಲ್ಲಿ ಮೆಣಸಿನ ಜಾತಿಯದೇ ಆದ ಬ್ರೆಜಿಲ್ ಹಿಪ್ಪಲಿಯ ಬೇರಿಗೆ ಕಸಿ ಮಾಡಿದ ಮೆಣಸಿನ ಗಿಡಗಳೂ ಇದ್ದವು. ಜೌಗು ನೆಲದ ಆ ಹಿಪ್ಪಲಿಗೆ ಬುಡ ಕೊಳೆಯುವ ಭಯವಿಲ್ಲ. ಆದರೆ 2023ರಲ್ಲಿ ಮಳೆ ಕೈಕೊಟ್ಟಿತು, ಬೇಸಿಗೆಯಲ್ಲಿ ಹಳ್ಳ ಬತ್ತಿತು. ಕಸಿ ಗಿಡಗಳು ಮೊದಲು ಒಣಗಿದವು. ನನ್ನ ಎರಡು ತಾಯಿಗಳಲ್ಲಿ ಒಂದರ ಮಕ್ಕಳೂ ಹೋದವು. ನೀರು ಜಾಸ್ತಿಯಾದರೆ ತಾಳುವ ಬಳ್ಳಿ ನೀರು ಕಡಿಮೆಯಾದರೂ ತಾಳುತ್ತದೆ ಅಂತೇನಿಲ್ಲ.

ಎರಡನ್ನೂ ತಾಳಿದ್ದು ಉಳಿದ ಇನ್ನೊಂದು ತಾಯಿ, ಮಲ್ಲಿಗೆಸರ ಅನ್ನುವ ಹಳೇ ನಾಟಿ ತಳಿಯ ಬಳ್ಳಿ. ತೆನೆ ಗಿಡ್ಡ, ಇಳುವರಿ ಪಣಿಯೂರಿಗಿಂತ ಕಡಿಮೆ. ಆದರೂ ನನಗೆ ಅದೇ ಬೇಕು. ಈ ಸಲ ಅದರಿಂದ ಅರವತ್ತು ತುಂಡು ತೆಗೆದಿದ್ದೇನೆ. ನಲವತ್ತು ತೋಟಕ್ಕೆ, ಇಪ್ಪತ್ತು ಮತ್ತೆ ಅದೇ ತಗ್ಗಿಗೆ.