ಸೇವ್ ಸ್ಟೇಟ್ ಬಿಟ್ಟು ಮೆಟ್ರಾಯ್ಡ್ ಆಡಿದ ನನ್ನ ಅನುಭವ

ಹಳೆ ಗೇಮ್‌ಗಳನ್ನು ಮತ್ತೆ ಆಡಿ ವಿಮರ್ಶೆ ಬರೆಯಲು ಶುರು ಮಾಡಿ ಆರೇಳು ವರ್ಷವಾಯಿತು. ಸೇವ್ ಸ್ಟೇಟ್ (ಆಟವನ್ನು ಯಾವ ಕ್ಷಣದಲ್ಲಾದರೂ ಉಳಿಸಿಟ್ಟು ಅಲ್ಲಿಂದಲೇ ಮುಂದುವರಿಸುವ ಸೌಲಭ್ಯ) ಬೇಡ, ಗೈಡ್ ಬೇಡ, ಮ್ಯಾಪ್ ನಾನೇ ಬರೆಯಬೇಕು ಅಂತ ನಿಯಮ ಹಾಕಿಕೊಂಡಾಗ ಜೊತೆಗೆ ಬರೆಯುವವರೆಲ್ಲ ತಲೆ ಅಲ್ಲಾಡಿಸಿದರು. ಹೇಗೆ ಆಡಿದರೂ ಗೇಮ್ ಅದೇ ಅಲ್ವಾ, ಇಷ್ಟು ಪುರುಸೊತ್ತು ಯಾರಿಗಿದೆ ಅಂದರು.

ಗೇಮ್ ಅದೇ ಆಗಿರಲಿಲ್ಲ. ನಿಂಟೆಂಡೊದ 1986ರ ಮೆಟ್ರಾಯ್ಡ್ ಅನ್ನು ಮೊದಲು, ಹಳೆ ಗೇಮ್‌ಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್‌ನಲ್ಲಿ ಎರಡೇ ಸಂಜೆಯಲ್ಲಿ ಮುಗಿಸಿದ್ದೆ, ಪ್ರತಿ ಬಾಗಿಲ ಮುಂದೆ ಸೇವ್ ಮಾಡಿಕೊಂಡು. ಚಿಕ್ಕ ಗೇಮ್, ಎಲ್ಲ ಓಣಿಗಳೂ ಒಂದೇ ಥರ ಅಂತ ಬರೆದೆ. ಆಮೇಲೆ ಸೇವ್ ಬದಲು ಗೇಮ್ ತಾನೇ ಕೊಡುವ ಪಾಸ್‌ವರ್ಡ್ ಹಾಕಿ ಆಡಿದೆ. ಎಷ್ಟೇ ಎನರ್ಜಿ ಟ್ಯಾಂಕ್ ಕೂಡಿಟ್ಟಿದ್ದರೂ ಮತ್ತೆ ಶುರುವಾಗುವುದು ಬರೀ 30 ಎನರ್ಜಿಯಿಂದ. ದಿನಾ ಸಂಜೆ ಮೊದಲ ಅರ್ಧ ಗಂಟೆ ಕೊಳವೆಯ ಪಕ್ಕ ನಿಂತು, ಹೊರಬರುವ ಹುಳಗಳನ್ನು ಹೊಡೆದು ಎನರ್ಜಿ ಹೆಕ್ಕುವುದೇ ಕೆಲಸ. ನಾಲ್ಕು ದಿನ ಸಿಟ್ಟು ಬಂತು. ಐದನೇ ದಿನದ ಹೊತ್ತಿಗೆ ಒಂದೊಂದು ಬಾಗಿಲನ್ನೂ ಹೆದರಿ ಹೆದರಿ ತೆಗೆಯುತ್ತಿದ್ದೆ. ಆ ಹೆದರಿಕೆಯೇ ಆ ಗೇಮ್. ಸೇವ್ ಸ್ಟೇಟ್ ಅದನ್ನು ಪೂರ್ತಿ ಅಳಿಸಿಬಿಟ್ಟಿತ್ತು.

ಮ್ಯಾಪ್ ಕಥೆಯೂ ಅಷ್ಟೇ. ಗ್ರಾಫ್ ಹಾಳೆಯ ಎಡ ತುದಿಯಿಂದ ಬರೆಯಲು ಕೂತೆ, ಬಲಕ್ಕೆ ತಾನೇ ಹೋಗುವುದು ಅಂದುಕೊಂಡು. ಮೊದಲ ವಸ್ತು ಇರುವುದೇ ಎಡಕ್ಕೆ! ಹಾಳೆ ದಂಡ. ಕೊನೆಗೆ ಹನ್ನೊಂದೋ ಹನ್ನೆರಡೋ ಹಾಳೆ ಅಂಟಿಸಿದೆ. ಒಂದೇ ಥರ ಅಂದಿದ್ದ ಓಣಿಗಳು ಹಾಳೆ ಮೇಲೆ ಬೇರೆ ಬೇರೆಯಾಗಿ ಕಂಡವು. ವಿಮರ್ಶೆ ಪೂರ್ತಿ ಹೊಸದಾಗಿ ಬರೆದೆ. ನಾನು ಬರೆದದ್ದರಲ್ಲಿ ಅದೇ ಒಳ್ಳೆಯದು, ಧೈರ್ಯವಾಗಿ ಹೇಳುತ್ತೇನೆ.

ದುಡ್ಡು ಹೋದದ್ದು ಹಳೆ ಗೇಮ್‌ಗಳು ಬರುತ್ತಿದ್ದ ಪ್ಲಾಸ್ಟಿಕ್ ಕಾರ್ಟ್ರಿಡ್ಜ್‌ಗಳಿಗೆ. ಎರಡು ತಿಂಗಳು ಉಳಿಸಿದ್ದನ್ನು ಒಂದು ಸೂಪರ್ ನಿಂಟೆಂಡೊ ಆಟಕ್ಕೆ ಸುರಿದೆ. 3.8 ಮಿ.ಮೀ. ಸ್ಕ್ರೂಡ್ರೈವರ್ ಬಿಟ್ ಹಾಕಿ ಬಿಚ್ಚಿದರೆ ಒಳಗೆ ಅರ್ಧ ಬೋರ್ಡು, ಮೇಲೊಂದು ಕಪ್ಪು ಅಂಟಿನ ಉಂಡೆ. ನಕಲಿ. ಆಮೇಲೆ ಅಸಲಿ ಸಿಕ್ಕಿತು, ಆದರೆ ಸೇವ್ ಅಳಿಯದಂತೆ ಕಾಯುವ ಅದರ ಸಿಆರ್2032 ಬ್ಯಾಟರಿ ಇನ್ನೇನು ಸಾಯುವಂತಿತ್ತು. ಬದಲಿಸುವಾಗ ಹಿಂದಿನವರು ಯಾರೋ ಕೊನೆವರೆಗೂ ಆಡಿಟ್ಟಿದ್ದ ಸೇವ್ ಅಳಿಸಿಹೋಯಿತು. ದುಡ್ಡಿಗಿಂತ ಅದೇ ಜಾಸ್ತಿ ನೋವಾಯಿತು. ಸೇವ್ ಉಳಿಸಿಕೊಂಡು ಬದಲಿಸುವ ದಾರಿ ಈಗ ಗೊತ್ತು. ಕೈ ಪಳಗದವರು ಬೋರ್ಡ್ ಸುಟ್ಟುಕೊಂಡಾರು ಅಂತ ಇಲ್ಲಿ ಬರೆಯುವುದಿಲ್ಲ.

ನಡುವೆ ಸುಮ್ನೆ 1991ರ ಸೋನಿಕ್ ಗೇಮ್ ಅನ್ನು ಹಳೆ ಗಾಜಿನ ಕೊಳವೆಯ ಸಿಆರ್‌ಟಿ ಟಿವಿಗೆ ಕಾಂಪೋಸಿಟ್ ಕೇಬಲ್‌ನಲ್ಲಿ ಹಾಕಿದೆ. ಹೊಸ ಟಿವಿಯಲ್ಲಿ ಬಾಚಣಿಗೆ ಹಲ್ಲಿನಂತೆ ಕಾಣುವ ಜಲಪಾತದ ಗೆರೆಗಳು ಕರಗಿ, ಹಿಂದಿನ ಬಂಡೆ ಕಾಣುವ ನೀರಾಯಿತು. ಅದೇ ಆಟ ಸೆಕೆಂಡಿಗೆ 60ರ ಬದಲು 50 ಚಿತ್ರ ತೋರಿಸುವ 50 ಹರ್ಟ್ಸ್ ಯಂತ್ರದಲ್ಲಿ ಸುಮಾರು ಆರನೇ ಒಂದು ಪಾಲು ನಿಧಾನ, ಸಂಗೀತವೂ ಎಳೆಯುತ್ತದೆ. ಯಾವ ಯಂತ್ರದಲ್ಲಿ ಆಡಿದೆ ಅಂತ ಬರೆಯದ ವಿಮರ್ಶೆಯನ್ನು ಆಮೇಲೆ ನಾನು ನಂಬಲಿಲ್ಲ.

ಡಬ್ಬಿಯೊಳಗಿನ ಕಾಗದವನ್ನೂ ಬಿಡಬೇಡಿ. 1990ರ ಸ್ಟಾರ್‌ಟ್ರಾಪಿಕ್ಸ್ ಜೊತೆ ಒಂದು ಪತ್ರ ಬರುತ್ತಿತ್ತು. ನೀರಲ್ಲಿ ಅದ್ದಿದರೆ 747 ಅನ್ನುವ ಸಂಖ್ಯೆ ಮೂಡುತ್ತದೆ, ಅದಿಲ್ಲದೆ ಆಟ ಮುಂದೆ ಹೋಗುವುದಿಲ್ಲ. ಪತ್ರ ಇಲ್ಲದೆ ಆಡಿದವರು ತಪ್ಪನ್ನು ಗೇಮ್ ಮೇಲೆ ಹಾಕಿದರೆ ಆಶ್ಚರ್ಯವಿಲ್ಲ.

ಈಗ ಕೈಯಲ್ಲಿರುವುದು ಗೇಮ್ ಬಾಯ್‌ನ 1994ರ ಡಾಂಕಿ ಕಾಂಗ್. ಮೊದಲ ನಾಲ್ಕು ಹಂತ ನಾಣ್ಯ ಹಾಕಿ ಆಡುತ್ತಿದ್ದ 1981ರ ಆರ್ಕೇಡ್‌ನವೇ, ಐದನೆಯದರಿಂದ ಎಲ್ಲ ಹೊಸದು. ಒಟ್ಟು 101. ನಾನು ಅರವತ್ತು ಚಿಲ್ಲರೆಯಲ್ಲಿದ್ದೇನೆ.