ಗೈಡ್ ಜೊತೆ ಬರ್ಲಿನ್‌ನ ಟೆಕ್ನೋ ಕ್ಲಬ್ ನೋಡುವುದು ಹೇಗೆ?

ಬರ್ಲಿನ್‌ಗೆ ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ: ಗೈಡ್ ಇದ್ದರೆ ಅಲ್ಲಿನ ಹೆಸರಾಂತ ಕ್ಲಬ್ ಬೆರ್ಗ್‌ಹೈನ್ ಒಳಗೆ ಬಿಡ್ತಾರಾ? ಬಿಡ್ತಾರೆ ಅಂತ ಯಾರೂ ಮಾತು ಕೊಡಲು ಆಗುವುದಿಲ್ಲ. ಬಾಗಿಲಲ್ಲಿ ನಿಂತವರು ನಿಮ್ಮನ್ನು ನೋಡಿ ಅಲ್ಲೇ ತೀರ್ಮಾನ ಮಾಡುತ್ತಾರೆ. ಒಳ್ಳೆಯ ಗೈಡ್ ಬೇಕಾಗುವುದು ಬೇರೆ ಕಾರಣಕ್ಕೆ. ಈ ಊರಿನಲ್ಲಿ ಟೆಕ್ನೋ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಯಾಕೆ ಇಷ್ಟು ಆಳಕ್ಕೆ ಇಳಿದಿದೆ, ಒಳಗೆ ಹೋದ ಮೇಲೆ ಹೇಗಿರಬೇಕು ಅನ್ನುವುದನ್ನು ಅವರು ಹೇಳಿಕೊಡುತ್ತಾರೆ.

ಹಾಗಾಗಿ ಮೊದಲ ಕೆಲಸ, ಟೂರ್ ಆರಿಸುವುದು. 'ಎಂಟ್ರಿ ಗ್ಯಾರಂಟಿ' ಅಂತ ದೊಡ್ಡ ಕ್ಲಬ್‌ನ ಹೆಸರು ಹಾಕಿ ಮಾರುವವರನ್ನು ಬಿಟ್ಟುಬಿಡಿ. ಇಪ್ಪತ್ತು ಜನರನ್ನು ಸೇರಿಸಿಕೊಂಡು ಬಾರ್‌ನಿಂದ ಬಾರ್‌ಗೆ ಕುಡಿಸುತ್ತಾ ಹೋಗುವ ಟೂರ್ ಕೂಡ ಬೇಡ, ಯಾಕಂದರೆ ಅಷ್ಟು ದೊಡ್ಡ ಗುಂಪು ಕಂಡರೆ ಬಾಗಿಲಲ್ಲೇ ವಾಪಸ್ ಕಳಿಸುವ ಸಾಧ್ಯತೆ ಜಾಸ್ತಿ. ದುಡ್ಡು ಕಟ್ಟುವ ಮೊದಲು ಮೂರು ವಿಷಯ ಕೇಳಿ. ಗುಂಪಿನಲ್ಲಿ ಎಷ್ಟು ಜನ? ಒಂದು ಕಡೆ ಬಿಡದಿದ್ದರೆ ಮುಂದೆ ಎಲ್ಲಿಗೆ? ಕ್ಲಬ್‌ನ ಟಿಕೆಟ್ ಟೂರ್ ದುಡ್ಡಿನಲ್ಲೇ ಸೇರಿದೆಯಾ?

ಹಳೆಯ ಪಟ್ಟಿಗಳನ್ನೂ ನಂಬಬೇಡಿ. ನದಿ ದಂಡೆಯಲ್ಲಿದ್ದ ವಾಟರ್‌ಗೇಟ್ ಕ್ಲಬ್ 2024ರ ಕೊನೆಗೆ ಬಾಗಿಲು ಹಾಕಿತು.

ಆಮೇಲೆ ಸಮಯ. ಪಶ್ಚಿಮ ಬರ್ಲಿನ್‌ನಲ್ಲಿ 1949ರಲ್ಲೇ 'ಇಷ್ಟು ಹೊತ್ತಿಗೆ ಮುಚ್ಚಬೇಕು' ಅನ್ನುವ ನಿಯಮ ತೆಗೆದುಹಾಕಿದರು. ಬೆರ್ಗ್‌ಹೈನ್‌ನಲ್ಲಿ ಶನಿವಾರ ಮಧ್ಯರಾತ್ರಿ ಶುರುವಾದ ಕುಣಿತ ಸೋಮವಾರ ಬೆಳಿಗ್ಗೆವರೆಗೂ ನಡೆಯುತ್ತದೆ. ಭಾನುವಾರ ತಿಂಡಿ ತಿಂದು, ಸ್ನಾನ ಮಾಡಿ, ಮಧ್ಯಾಹ್ನ ಕುಣಿಯಲು ಹೋಗುವವರು ಅಲ್ಲಿ ಬೇಕಾದಷ್ಟು ಜನ. ಆದ್ದರಿಂದ ಟೂರ್‌ನ ದಿನ ಸಂಜೆ ಒಂದು ನಿದ್ದೆ ಮಾಡಿಬಿಡಿ.

ಕ್ಲಬ್‌ಗೆ ಮೊದಲು ಊರಿನ ಕಥೆ ಹೇಳುತ್ತಾ ನಡೆಸುವ ಟೂರ್ ಸಿಕ್ಕರೆ ಅದನ್ನೇ ತಗೊಳ್ಳಿ. ನನಗೆ ಇಡೀ ರಾತ್ರಿಯಲ್ಲಿ ಮುಖ್ಯ ಅನ್ನಿಸುವುದು ಈ ಭಾಗ. 1989ರಲ್ಲಿ, ಊರನ್ನು ಪೂರ್ವ ಪಶ್ಚಿಮ ಅಂತ ಸೀಳಿದ್ದ ಗೋಡೆ ಬಿತ್ತು. ಪೂರ್ವ ಬರ್ಲಿನ್‌ನಲ್ಲಿ ಎಷ್ಟೋ ಕಟ್ಟಡಗಳು ಯಾರದ್ದು ಅಂತಲೇ ಗೊತ್ತಿಲ್ಲದೆ ಖಾಲಿ ಬಿದ್ದಿದ್ದವು. ಎರಡೂ ಕಡೆಯ ಹುಡುಗ ಹುಡುಗಿಯರು ಅಲ್ಲಿಗೆ ಸ್ಪೀಕರ್ ಹೊತ್ತುಕೊಂಡು ಹೋದರು. 1991ರಲ್ಲಿ ವೆರ್ಟ್‌ಹೈಮ್ ಎಂಬ ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರ್‌ನ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ ಟ್ರೆಜೋರ್ ಎಂಬ ಕ್ಲಬ್ ಶುರುವಾಯಿತು. ಆ ಹೆಸರಿನ ಅರ್ಥವೂ ತಿಜೋರಿ ಅಂತಲೇ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಟೆಕ್ನೋಗೆ ಇಲ್ಲಿ ಎರಡನೇ ಮನೆ ಸಿಕ್ಕಿತು. ಆ ಜಾಗ 2005ರಲ್ಲಿ ಮುಚ್ಚಿತು, 2007ರಲ್ಲಿ ಕೋಪೆನಿಕರ್ ರಸ್ತೆಯ ಹಳೆಯ ವಿದ್ಯುತ್ ಸ್ಥಾವರದಲ್ಲಿ ಮತ್ತೆ ತೆರೆಯಿತು. ತುಕ್ಕು ಹಿಡಿದ ಹಳೆಯ ಲಾಕರ್‌ಗಳು ಅಲ್ಲಿಗೂ ಬಂದಿವೆ. ಕೆಳಗೆ ಇಳಿದಾಗ ನೋಡಲು ಮರೆಯಬೇಡಿ. 2004ರಲ್ಲಿ ತೆರೆದ ಬೆರ್ಗ್‌ಹೈನ್ ಕೂಡ ಹಳೆಯ ವಿದ್ಯುತ್ ಸ್ಥಾವರವೇ. ಕ್ರಾಯ್ಟ್ಸ್‌ಬೆರ್ಗ್, ಫ್ರೀಡ್ರಿಷ್‌ಹೈನ್ ಎಂಬ ಎರಡು ಬಡಾವಣೆಗಳ ಬಾಲ ಸೇರಿಸಿ ಇಟ್ಟ ಹೆಸರು ಅದು. 2024ರಲ್ಲಿ ಬರ್ಲಿನ್ ಟೆಕ್ನೋ ಜರ್ಮನಿಯ ಪರಂಪರೆಯ ಪಟ್ಟಿಗೂ ಸೇರಿತು.

ಈಗ ಕ್ಯೂ. ಇಬ್ಬರು ಮೂವರಾಗಿ ನಿಲ್ಲಿ, ಗುಂಪು ದೊಡ್ಡದಿದ್ದರೆ ಗೈಡೇ ನಿಮ್ಮನ್ನು ಬಿಡಿಬಿಡಿಯಾಗಿ ನಿಲ್ಲಿಸಬಹುದು. ಕುಡಿದು ತೂರಾಡಬೇಡಿ, ಕೂಗಾಡಬೇಡಿ, ಫೋನ್ ಜೇಬಿನಲ್ಲಿರಲಿ. ಆ ರಾತ್ರಿ ಯಾರು ನುಡಿಸುತ್ತಿದ್ದಾರೆ ಅಂತ ಮೊದಲೇ ತಿಳಿದು, ಒಂದೆರಡು ಟ್ರ್ಯಾಕ್ ಕೇಳಿಕೊಂಡು ಬನ್ನಿ. ಕಪ್ಪು ಬಟ್ಟೆಯೇ ಬೇಕು ಅಂತೇನೂ ಇಲ್ಲ, ಆದರೆ ಎಂಟು ಗಂಟೆ ನಿಲ್ಲಬಲ್ಲ ಶೂ ಬೇಕೇ ಬೇಕು. ಬೆರ್ಗ್‌ಹೈನ್ ಬಾಗಿಲು ಕಾಯುವ ಸ್ವೆನ್ ಮಾರ್ಕ್‌ವಾರ್ಟ್ ಜಗತ್ತಿಗೇ ಗೊತ್ತಿರುವ ಮುಖ, ಅವರು ಒಳ್ಳೆಯ ಫೋಟೋಗ್ರಾಫರ್ ಕೂಡ. ಬಾಗಿಲಲ್ಲಿ ತಲೆ ಅಡ್ಡ ಆಡಿಸಿದರೆ ಮುಗೀತು. ವಾದ ಮಾಡಬೇಡಿ, 'ಟೂರ್‌ಗೆ ದುಡ್ಡು ಕೊಟ್ಟಿದ್ದೀನಿ' ಅನ್ನಬೇಡಿ. ಸುಮ್ನೆ ಪಕ್ಕಕ್ಕೆ ಸರಿದು ಗೈಡ್ ಜೊತೆ ಮುಂದಿನ ಕ್ಲಬ್‌ಗೆ ನಡೆಯಿರಿ.

ಒಳಗೆ ಬಿಟ್ಟರೆ ಫೋನ್ ಕೇಳುತ್ತಾರೆ. ಕ್ಯಾಮೆರಾ ಮೇಲೆ, ಮುಂದೊಂದು ಹಿಂದೊಂದು, ಗುಂಡಗಿನ ಪುಟ್ಟ ಸ್ಟಿಕ್ಕರ್ ಅಂಟಿಸಿ ಕೊಡುತ್ತಾರೆ. ಅದನ್ನು ಕಿತ್ತರೆ ಹೊರಗೆ ಹಾಕುತ್ತಾರೆ, ಹಾಕಲೇಬೇಕು. ಎಷ್ಟೋ ಜನ ತಮಗೆ ಬೇಕಾದಂತೆ ಬಟ್ಟೆ ಹಾಕಿ, ಬೇಕಾದವರ ಜೊತೆ ಕುಣಿಯಲು ಧೈರ್ಯವಾಗಿ ಬರುವುದು ಆ ಸ್ಟಿಕ್ಕರ್ ಇದೆ ಅನ್ನುವ ನಂಬಿಕೆಯಿಂದ. ಯಾರನ್ನೂ ದಿಟ್ಟಿಸಿ ನೋಡಬೇಡಿ, ಕೇಳದೆ ಮುಟ್ಟಬೇಡಿ. ಕೋಟು, ಬ್ಯಾಗು ಕೊಟ್ಟು ಟೋಕನ್ ತಗೊಳ್ಳಿ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ, ಹಾಕಿಕೊಂಡರೂ ಬೇಸ್ ಎದೆಗೇ ಬಡಿಯುತ್ತದೆ. ನಡುನಡುವೆ ನೀರು ಕುಡಿಯಿರಿ. ಕೈಯಲ್ಲಿ ಸ್ವಲ್ಪ ಯೂರೋ ನೋಟು ಇರಲಿ, ಎಲ್ಲಾ ಕಡೆ ಕಾರ್ಡ್ ನಡೆಯುವುದಿಲ್ಲ.

ಸಾಮಾನ್ಯವಾಗಿ ಗೈಡ್ ಕೆಲಸ ಒಳಗೆ ಬಿಟ್ಟ ಮೇಲೆ ಮುಗಿಯುತ್ತದೆ. ಅವರು ಹೊರಡುವ ಮುಂಚೆ ವಾಪಸ್ ಹೋಗುವ ದಾರಿ ಕೇಳಿಟ್ಟುಕೊಳ್ಳಿ. ಶುಕ್ರವಾರ, ಶನಿವಾರ ಮೆಟ್ರೋ ರಾತ್ರಿಯಿಡೀ ಓಡುತ್ತದೆ, ಉಳಿದ ದಿನ ರಾತ್ರಿ ಬಸ್ಸು. ಗಾಳಿ ಕುಡಿಯಲು ಹೊರಗೆ ಬರುವುದಾದರೆ, ಮತ್ತೆ ಒಳಗೆ ಬಿಡ್ತಾರಾ ಅಂತ ಬಾಗಿಲು ದಾಟುವ ಮೊದಲೇ ಕೇಳಿ, ಕೈಗೆ ಸ್ಟಾಂಪ್ ಹಾಕಿಸಿಕೊಳ್ಳಿ.